ಎರಡು ಮಡಿ, ಒಂದು ಬಾವಿ

ಹೀರೇಕಾಯಿಯ ಸಿಪ್ಪೆಯನ್ನು ಒಂದಿಷ್ಟು ಎಣ್ಣೆ ಬಿಟ್ಟು ಹುರಿಯುವಾಗ ಬರುವ ವಾಸನೆ ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ನಿಮ್ಮ ಮನೆಯಲ್ಲಿ ಸಿಪ್ಪೆಯನ್ನು ಎಮ್ಮೆಗೆ ಹಾಕುತ್ತಾರೆಂದು ಅರ್ಥ; ಅದು ನಿಮ್ಮ ಎಮ್ಮೆಯ ಪುಣ್ಯ. ಇವತ್ತು ಬೆಳಿಗ್ಗೆ ನನ್ನ ಸೊಸೆ ಚಟ್ನಿಗೆಂದು ಸಿಪ್ಪೆ ಹುರಿಯುತ್ತಿದ್ದಳು. ನಾನು ಪಡಸಾಲೆಯಲ್ಲಿ ಕುಳಿತು ಜೋಳದಲ್ಲಿ ಕಲ್ಲು ಆರಿಸುತ್ತಿದ್ದೆ. ಆರಿಸುತ್ತಿದ್ದೆ ಎನ್ನುವುದು ಗೌರವದ ಮಾತು. ಕಣ್ಣು ಮಂಜಾದ ಮುದುಕಿಯ ಕೈಗೊಂದು ಕೆಲಸವಿರಲಿ ಎಂದು ಮೊರ ಕೊಟ್ಟು ಕೂಡಿಸುತ್ತಾರೆ. ನಾನು ಕಲ್ಲನ್ನು ಉಳಿಸಿ ಕಾಳನ್ನು ಎಸೆಯುತ್ತೇನೆ. ಆಮೇಲೆ ಅವಳು ಸದ್ದಿಲ್ಲದೆ ಇನ್ನೊಮ್ಮೆ ಆರಿಸಿಕೊಳ್ಳುತ್ತಾಳೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೊರ ತೊಡೆಯ ಮೇಲೆ ಹಾಗೇ ಉಳಿಯಿತು. ನನಗೆ ನನ್ನ ಮಾವನವರ ನೆನಪಾಯಿತು.

ನಾನು ಆದೋನಿಗೆ ಸೊಸೆಯಾಗಿ ಬಂದದ್ದು ದೊಡ್ಡ ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ. ಮಾವನವರದು ಹತ್ತಿ ವ್ಯಾಪಾರ. ಅವರು ಬರೀ ಕೈಯಲ್ಲೇ ಹತ್ತಿಯ ಜಾತಿ ಹೇಳುತ್ತಿದ್ದರು. ಚೀಲದಿಂದ ಒಂದು ಚಿಟಿಕೆ ಅರಳೆ ತೆಗೆದು, ಎರಡೂ ಹೆಬ್ಬೆರಳಿನ ನಡುವೆ ಹಿಡಿದು ಮೆಲ್ಲಗೆ ಎಳೆದು, ಎಳೆಯ ಉದ್ದ ನೋಡಿ, ಕಣ್ಣು ಮುಚ್ಚಿ ತಲೆ ಆಡಿಸಿದರೆ ಮುಗಿಯಿತು, ಬಜಾರಿನಲ್ಲಿ ಎರಡನೆಯ ಮಾತಿಲ್ಲ. ಯುದ್ಧ ಬಂದು ಹತ್ತಿ ಹೊರಗೆ ಹೋಗುವುದು ನಿಂತಿತು. ಚೀಲಗಳು ಗೋದಾಮಿನಲ್ಲಿ ಮಲಗಿದವು. ಮಾವನವರ ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದ ಜನ ಅದೇ ಕಟ್ಟೆಯ ಮುಂದೆ ತಲೆ ತಗ್ಗಿಸಿ ದಾಟಿಹೋಗತೊಡಗಿದರು. ನನ್ನ ಯಜಮಾನರು ಮುಂಬಯಿಯಲ್ಲಿ ಒಬ್ಬ ಹತ್ತಿ ದಲಾಲರ ಹತ್ತಿರ ಕೆಲಸಕ್ಕಿದ್ದರು. ವರ್ಷಕ್ಕೊಮ್ಮೆ ಬರುತ್ತಿದ್ದರು, ಬಂದಾಗ ಮುಂಬಯಿಯ ಸಮುದ್ರದ ಮಾತಾಡಿ ಹೋಗುತ್ತಿದ್ದರು. ಅತ್ತೆ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಇದ್ದವರು ಮಾವನವರು, ಅವರ ವಿಧವೆ ಅಕ್ಕ ದೊಡ್ಡತ್ತೆ, ಮತ್ತು ನಾನು.

ಈ ದೊಡ್ಡತ್ತೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮಲ್ಲಿ ಆಗ ಸೊಸೆಯಾದವಳು ಮಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಅವರು ಒಳಗೆ ಬಂದರೆ ನಾನು ಸೆರಗು ಹೊದ್ದು ಬಾಗಿಲ ಹಿಂದೆ ಸರಿಯಬೇಕು. ಅವರಿಗೂ ಅಷ್ಟೆ, ನನ್ನ ಹೆಸರು ಹಿಡಿದು ಕರೆಯುವಂತಿಲ್ಲ. ಇಬ್ಬರ ನಡುವಿನ ಮಾತೆಲ್ಲ ದೊಡ್ಡತ್ತೆಯ ಬಾಯಿಂದ ಹಾದು ಬರಬೇಕು. ಆ ಬಾಯಿ ಸಾಮಾನ್ಯದ್ದಲ್ಲ. ಮಾವನವರು "ಸಾರಿಗೆ ಉಪ್ಪು ಒಂಚೂರು ಕಮ್ಮಿ ಅನಸ್ತೈತಿ" ಎಂದರೆ, ಅದು ಒಳಗೆ ಬರುವ ಹೊತ್ತಿಗೆ "ಏ ಹುಡುಗಿ, ನಿನ್ನ ತವರಾಗ ಉಪ್ಪಿಗೂ ಬಡತನ ಏನು, ಕೇಳಲಿಕ್ಕ ಹತ್ಯಾನ ನನ್ನ ತಮ್ಮ" ಎಂದಾಗಿರುತ್ತಿತ್ತು. ನಾನು ಹೇಳಿ ಕಳಿಸಿದ್ದು ಹೊರಗೆ ಹೇಗೆ ತಲುಪುತ್ತಿತ್ತೋ ಶಿವನೇ ಬಲ್ಲ. ಆದರೂ ಆಕೆ ಇದ್ದಳು, ಮಾತು ಹೇಗೋ ಆಚೆ ಈಚೆ ಆಗುತ್ತಿತ್ತು.

ನಮ್ಮ ಮನೆಯ ಹಿತ್ತಲ ಬಾಗಿಲು ತೆರೆದರೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಕಂಪೌಂಡು. ಜಿನ್ನು ನಿಂತಿತ್ತು. ಕಾಳು ಕಡಿ, ತರಕಾರಿ ಎಲ್ಲ ತುಟ್ಟಿಯಾದ ಕಾಲ. ಖಾಲಿ ಜಾಗದಲ್ಲೆಲ್ಲ ಏನಾದರೂ ಬೆಳೆಯಿರಿ ಎಂದು ಸರಕಾರದವರು ಡಂಗುರ ಹೊಡೆಸಿದ್ದರು. ಜಿನ್ನಿನ ಮಾಲೀಕರು ಕಂಪೌಂಡಿನ ನೆಲವನ್ನು ತುಂಡು ತುಂಡು ಮಾಡಿ ಸುತ್ತಲಿನ ಮನೆಯವರಿಗೆ ಹಂಚಿದರು. ನಮ್ಮ ಪಾಲಿಗೆ ಬಾವಿಯ ಪಕ್ಕದ ತುಂಡು ಬಂತು. ಮಾವನವರು ಅದನ್ನು ಎರಡು ಮಡಿ ಮಾಡಿಸಿದರು. ಒಂದರಲ್ಲಿ ತಾವು ಬದನೆ ಹಾಕಿದರು. ಇನ್ನೊಂದನ್ನು ದೊಡ್ಡತ್ತೆಯ ಮೂಲಕ ನನಗೆ ಕೊಟ್ಟರು.

ಹತ್ತಿಯ ಮನುಷ್ಯ ಬದನೆ ಬೆಳೆಸಿದ್ದನ್ನು ನೀವು ನೋಡಬೇಕಿತ್ತು. ಕಾಯಿ ಗೋಲಿಯಷ್ಟಾದಾಗಿಂದ ಅದನ್ನು ಅರಳೆಯಂತೆ ಹೆಬ್ಬೆರಳಲ್ಲಿ ಮುಟ್ಟಿ, ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದರು. ನಾನು ಹಿತ್ತಲ ಬಾಗಿಲ ಸಂದಿಯಿಂದ ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. ನಗುವ ಅಧಿಕಾರ ನನಗೇನೂ ಇರಲಿಲ್ಲ. ನಾನು ಮೊದಲ ಸಲ ಹಾಕಿದ ಮೆಂತ್ಯವನ್ನು ಎಷ್ಟು ದಟ್ಟವಾಗಿ ಚೆಲ್ಲಿದ್ದೆನೆಂದರೆ, ಅದು ಒಂದರ ಮೇಲೊಂದು ಬಿದ್ದು ಬೆಳ್ಳಗೆ ಕೊಳೆತುಹೋಗಿತ್ತು. ಬದನೆ ಮಾತ್ರ ಸಂಕ್ರಾಂತಿಯ ಹೊತ್ತಿಗೆ ಗಿಡ ಬಾಗುವಷ್ಟು ಹಿಡಿಯಿತು. ಮಾವನವರು ಬುಟ್ಟಿ ಬುಟ್ಟಿ ಕಾಯಿ ಬಿಡಿಸಿ, ತಮ್ಮ ಕಟ್ಟೆ ದಾಟಿ ಹೋಗುತ್ತಿದ್ದವರ ಮನೆಗಳಿಗೆಲ್ಲ ಕಳಿಸಿದರು. ಮರುದಿನ ಒಬ್ಬರು ಬಂದು ಕಟ್ಟೆಯ ಮೇಲೆ ಕೂತರು. "ಏನು ಬದ್ನಿಕಾಯಿ ರೀ ಸಾವಕಾರ್ರ, ಬಾಯಾಗ ಇಟ್ಟರ ಬೆಣ್ಣಿ." ಅದರ ಮರುದಿನ ಇನ್ನಿಬ್ಬರು ಬಂದರು. ಕಟ್ಟೆ ಮತ್ತೆ ತುಂಬಿತು. ಮಾತು ಹತ್ತಿಯದಲ್ಲ, ಬದನೆಯದು; ಆದರೂ ಮಾವನವರು ಆ ದಿನಗಳಲ್ಲಿ ರುಮಾಲು ಸುತ್ತಿಕೊಳ್ಳುವ ರೀತಿಯೇ ಬೇರೆಯಾಗಿತ್ತು. ಬಾಗಿಲ ಹಿಂದಿನಿಂದ ನಾನು ಅದನ್ನೂ ನೋಡಿದ್ದೆ.

ನನ್ನ ಮಡಿಯ ಕಥೆ ಬೇರೆ. ನನ್ನ ತವರು ಕೋಸಗಿ. ಆ ವರ್ಷದ ದೀಪಾವಳಿಗೆ ನನ್ನ ಅವ್ವ ತೀರಿಕೊಂಡಳು. ಅವಳು ಬೆಳೆಸುತ್ತಿದ್ದ ಗಿಡ್ಡ ಹೀರೇಕಾಯಿ ಸುತ್ತಲ ಹಳ್ಳಿಯಲ್ಲಿ ಯಾರ ಹತ್ತಿರವೂ ಇರಲಿಲ್ಲ. ಪ್ರತಿ ವರ್ಷ ಒಂದು ಕಾಯಿಯನ್ನು ಬೀಜಕ್ಕೆ ಬಿಟ್ಟು, ಬಳ್ಳಿಯಲ್ಲೇ ಒಣಗಿಸಿ, ಅಡಿಗೆಮನೆಯ ಜಂತಿಗೆ ಕಟ್ಟುತ್ತಿದ್ದಳು. ಅವಳ ತಾಯಿಯೂ ಹಾಗೇ ಕಟ್ಟುತ್ತಿದ್ದಳಂತೆ. ಅವ್ವ ಹೋದ ಮೇಲೆ ಅಣ್ಣ ರೈಲ್ವೆಯ ಕೆಲಸಕ್ಕೆಂದು ಗುಂತಕಲ್ಲಿಗೆ ಹೋದ. ಮನೆಗೆ ಬೀಗ ಬಿತ್ತು. ಜಂತಿಯ ಮೇಲಿನ ಆ ಒಣಕಾಯನ್ನು ನಾನು ಬೇಡಿ ತಂದೆ. ಇಲಿ ತಿಂದು ಬಿಟ್ಟದ್ದು ಒಂದು ಚಿಟಿಕೆ ಬೀಜ. ಇಟ್ಟುಕೊಂಡರೆ ಆದೋನಿಯ ಇಲಿ ತಿನ್ನುತ್ತದೆ ಎಂದು, ಶಿವರಾತ್ರಿ ಮುಗಿದದ್ದೇ ಅಷ್ಟನ್ನೂ ಮಣ್ಣಿಗೆ ಹಾಕಿದೆ. ದೊಡ್ಡತ್ತೆ ಹೊರಗೆ ಹೋಗಿ ಮಾವನವರಿಗೆ ಹೇಳಿದ್ದು ನನಗೆ ಕೇಳಿಸಿತು. "ಅವರವ್ವನ ಬೀಜ ಅದು. ಅಷ್ಟೂ ಹಾಕ್ಯಾಳ. ಒಂದು ಕಾಯಿ ಬಲೀಲಿಲ್ಲ ಅಂದರ ಆಕಿ ತವರು ಮುಗೀತು ನೋಡು." ಈ ಒಂದು ಸಲ ದೊಡ್ಡತ್ತೆ ಒಗ್ಗರಣೆ ಹಾಕದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು.

ಬೀಜ ಮೊಳೆತು ಬಳ್ಳಿ ಚಪ್ಪರಕ್ಕೆ ಕೈ ಚಾಚುವ ಹೊತ್ತಿಗೆ, ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವವರ ಜೊತೆ ದೊಡ್ಡತ್ತೆ ಹೊರಟುಬಿಟ್ಟಳು. ಹೋಗುವಾಗ ಮೊಣಕಾಲು ಚೆನ್ನಾಗಿಯೇ ಇತ್ತು. ಬರುವಾಗ ಅದು ಊದಿಕೊಂಡು, ಕರ್ನೂಲಿನಲ್ಲಿ ಮಗಳ ಮನೆಯಲ್ಲಿ ಉಳಿದಳು. ಬೇಸಿಗೆ ಪೂರ್ತಿ ಬರಲಿಲ್ಲ. ಮನೆಯಲ್ಲಿ ನಾನು, ಮಾವನವರು, ನಮ್ಮಿಬ್ಬರ ನಡುವೆ ಪಡಸಾಲೆಯ ಒಂದು ಕಂಬ.

ನಗಬೇಡಿ, ಆ ಕಂಬವೇ ನಮ್ಮ ದೊಡ್ಡತ್ತೆಯಾಯಿತು. ಮಾವನವರು ಹೊರಗೆ ಹೋಗುವಾಗ ಕಂಬದ ಕಡೆ ತಿರುಗಿ "ಬಜಾರಕ್ಕ ಹೋಗಿ ಬರತೀನಿ" ಅನ್ನುತ್ತಿದ್ದರು. ನಾನು ಒಳಗಿನಿಂದ ಬಳೆ ಸದ್ದು ಮಾಡುತ್ತಿದ್ದೆ. ಆಯಿತು ಎಂದು ಅರ್ಥ. ಊಟದ ಹೊತ್ತಿಗೆ ನಾನು ತಂಬಿಗೆಯನ್ನು ಹೊಸ್ತಿಲಿಗೆ ತಾಗಿಸಿ ಇಡುತ್ತಿದ್ದೆ. ತಾಟು ಬಡಿಸಿದೆ ಎಂದು ಅರ್ಥ. "ರೊಟ್ಟಿ ಭಾಳ ಮೆತ್ತಗ ಆಗ್ಯಾವ" ಎಂದು ಕಂಬಕ್ಕೆ ಹೇಳಿದ ದಿನ ನಾನು ಒಳಗೆ ಕುಣಿದಾಡಿದ್ದೆ. ದೊಡ್ಡತ್ತೆಗಿಂತ ಕಂಬ ಸಾವಿರ ಪಾಲು ಮೇಲು ಅನಿಸಿತ್ತು. ಕಂಬ ತನ್ನದನ್ನು ಸೇರಿಸುವುದಿಲ್ಲ. ಆದರೆ ಕಂಬಕ್ಕೆ ಏನು ಹೇಳಬಹುದು? ರೊಟ್ಟಿಯ ಮಾತು, ಸ್ನಾನದ ನೀರಿನ ಮಾತು, ಹಾಲಿನವನು ಬಂದು ಹೋದ ಮಾತು. ಒಬ್ಬರ ಮೇಲೆ ಒಬ್ಬರಿಗಿದ್ದ ಮಮತೆಯನ್ನು ಕಂಬಕ್ಕೆ ಹೇಳುವುದು ಹೇಗೆ?

ಆ ವರ್ಷದ ಬಿಸಿಲನ್ನು ಹೇಗೆ ಹೇಳಲಿ. ಆದೋನಿಯ ಬೆಟ್ಟದ ಬಂಡೆಗಳು ಹಗಲೆಲ್ಲ ಕಾದು ಸಂಜೆ ಊರ ಮೇಲೆ ಝಳ ಉಗುಳುತ್ತಿದ್ದವು. ಎರೆನೆಲ ಬಾಯಿ ಬಿಟ್ಟು, ಬಿರುಕಿನಲ್ಲಿ ಕೈ ಹೋಗುವಷ್ಟಾಯಿತು. ಬಾವಿಯ ನೀರು ತಳ ಕಂಡಿತು. ಬೆಳಿಗ್ಗೆ ಕೆಲವು ಕೊಡ ಸೇದುವ ಹೊತ್ತಿಗೆ ಕೆಸರು ಬರುತ್ತಿತ್ತು. ಸಂಜೆಯವರೆಗೆ ತಳದಿಂದ ಊಟೆ ಜಿನುಗಿದರೆ ಮತ್ತೆ ಅಷ್ಟೇ ಕೊಡ. ಬೆಳಗಿನ ನೀರು ಹಾಕುವವಳು ನಾನು, ಜನ ಓಡಾಡುವ ಮೊದಲೇ ಹೋಗಿ ಬರಬೇಕಲ್ಲ. ಸಂಜೆಯ ನೀರು ಮಾವನವರದು. ಅವರು ಹಿತ್ತಲಲ್ಲಿದ್ದಾಗ ನಾನು ಆ ಕಡೆ ತಲೆ ಹಾಕುವಂತಿರಲಿಲ್ಲ.

ಜಿನ್ನು ಕಾಯುವ ಇಮಾಮಸಾಬ ಒಂದು ಬೆಳಿಗ್ಗೆ ಬಾವಿಯಲ್ಲಿ ಇಣುಕಿ ಹೇಳಿದ. ಅವನ ಮಾತಿನಲ್ಲಿ ತೆಲುಗು, ಕನ್ನಡ, ಉರ್ದು ಮೂರೂ ಒಂದೇ ಗಡಿಗೆಯಲ್ಲಿ ಬೇಯುತ್ತಿದ್ದವು. "ಅಮ್ಮಾ, ಬಾವಿ ಖಾಲಿ ಆಗಲಿಕ್ಕ ಹತ್ತೈತಿ. ರೆಂಡು ಮಡಿಗೂ ನೀರು ಸಾಲಂಗಿಲ್ಲ. ಜರಾ ನನ್ನ ಮಾತು ಕೇಳ್ರಿ, ಒಂದು ಮಡಿ ಉಳಿಸಿಕೊಳ್ರಿ, ಇನ್ನೊಂದು ಬಿಟ್ಟಬಿಡ್ರಿ." ಸಂಜೆ ಮಾವನವರಿಗೂ ಇದನ್ನೇ ಹೇಳಿದನಂತೆ.

ನಾನು ಆ ದಿನವೆಲ್ಲ ಯೋಚಿಸಿದೆ. ಒಂದು ಕಡೆ ಅವ್ವನ ಬೀಜ. ಇನ್ನೊಂದು ಕಡೆ ಆ ಬದನೆ. ಬದನೆ ಸತ್ತರೆ ಬುಟ್ಟಿ ಹೋಗುವುದು ನಿಲ್ಲುತ್ತದೆ, ಬುಟ್ಟಿ ನಿಂತರೆ ಕಟ್ಟೆ ಮತ್ತೆ ಬರಿದಾಗುತ್ತದೆ. ಖಾಲಿ ಕಟ್ಟೆಯ ಮೇಲೆ ಒಬ್ಬರೇ ಕೂತು ಎದುರಿನ ಗೋಡೆ ನೋಡುವ ಆ ಮುಖವನ್ನು ನಾನು ಬಾಗಿಲ ಸಂದಿಯಿಂದ ಒಂದು ವರ್ಷ ನೋಡಿದ್ದೆ. ಇನ್ನೊಮ್ಮೆ ನೋಡಲಾರೆ ಅನಿಸಿತು. ನನಗೆ ಅಪ್ಪ ಇರಲಿಲ್ಲ, ತೊಟ್ಟಿಲಲ್ಲಿದ್ದಾಗಲೇ ಹೋಗಿದ್ದ. ರೊಟ್ಟಿ ಮೆತ್ತಗಾಗಿದೆ ಎಂದು ಕಂಬಕ್ಕಾದರೂ ಹೇಳುವ ಒಬ್ಬ ಹಿರಿಯ ನನಗೆ ಸಿಕ್ಕಿದ್ದು ಅದೇ ಮೊದಲು. ಮರುದಿನ ಬೆಳಿಗ್ಗೆಯಿಂದ ಎಲ್ಲ ಕೊಡಗಳನ್ನೂ ಬದನೆಯ ಪಾತಿಗೆ ಸುರಿದೆ. ಹೀರೆಬಳ್ಳಿಯ ಕಡೆ ತಿರುಗಿ ನೋಡದೆ ಒಳಗೆ ಬಂದೆ. ಒಳಗೆ ಬಂದು ಕಣ್ಣೀರು ಹಾಕಿದೆ ಅನ್ನುವುದನ್ನು ಯಾಕೆ ಮುಚ್ಚಿಡಲಿ.

ವಿಚಿತ್ರವೆಂದರೆ ಬಳ್ಳಿ ಸಾಯಲಿಲ್ಲ. ಇವತ್ತು ಒಣಗುತ್ತದೆ, ನಾಳೆ ಒಣಗುತ್ತದೆ ಎಂದು ನೋಡುತ್ತಿದ್ದೆ. ಎಲೆ ಬಾಡಿದರೂ ಬಳ್ಳಿ ಹಸಿರಾಗೇ ಇತ್ತು. ಹಳದಿ ಹೂವನ್ನೂ ಬಿಟ್ಟಿತು. ಒಂದು ಕಾಯಿ ಹಿಡಿಯಿತು. ನನ್ನ ಅವ್ವನ ಬೀಜ, ನೀರಿಲ್ಲದೆಯೂ ಬದುಕುವ ಗಟ್ಟಿ ಬೀಜ ಎಂದು ನನಗೆ ಒಳಗೊಳಗೇ ಸೊಕ್ಕು ಬಂತು. ಆ ಕಾಯಿಗೆ ಸೀರೆಯ ಅಂಚಿನ ದಾರ ಕಟ್ಟಿ ಬೀಜಕ್ಕೆಂದು ಬಿಟ್ಟೆ. ಬದನೆಗೆ ಮಾತ್ರ ಏನೋ ಆಗಿತ್ತು. ಅಷ್ಟು ನೀರು ಹಾಕಿದರೂ ಹೂವು ಉದುರುತ್ತಿತ್ತು, ಹಿಡಿದ ಕಾಯಿ ಸುಕ್ಕುಗಟ್ಟಿ ಕಹಿಯಾಗುತ್ತಿತ್ತು. ಬೆಳಿಗ್ಗೆ ನಾನು, ಸಂಜೆ ಮಾವನವರು, ಇಬ್ಬರೂ ಹಾಕುತ್ತೇವೆ, ಆದರೂ ಯಾಕೆ ಹೀಗೆ ಎಂದು ತಲೆ ಕೆಡಿಸಿಕೊಂಡೆ. ಪಾತಿಗೆ ಹೊದಿಸಿದ್ದ ಹೊಟ್ಟನ್ನು ಸರಿಸಿ ಮಣ್ಣು ಮುಟ್ಟಿ ನೋಡಿದರೆ, ಅಷ್ಟು ಹೊತ್ತಿಗೆ ಎಲ್ಲ ಪಾತಿಯೂ ಒಂದೇ ರೀತಿ ಒಣಗಿರುತ್ತಿತ್ತು. ಆ ಝಳಕ್ಕೆ ರಾತ್ರಿಯ ತೇವ ಬೆಳಗಿಗೆ ಉಳಿಯುತ್ತಿರಲಿಲ್ಲ. ಕಟ್ಟೆಗೆ ಬರುವವರು ಒಬ್ಬೊಬ್ಬರಾಗಿ ಕಮ್ಮಿಯಾದರು. ಕಡೆಗೆ ಯಾರೂ ಬರಲಿಲ್ಲ.

ರೋಹಿಣಿ ಮಳೆಯ ಮೋಡ ಕಟ್ಟುವ ಹೊತ್ತಿಗೆ ದೊಡ್ಡತ್ತೆ ಗಾಡಿಯಿಂದ ಇಳಿದಳು. ಕಾಲು ಕುಂಟುತ್ತಿತ್ತು, ಬಾಯಿ ನೆಟ್ಟಗಿತ್ತು. ನೀರು ಕುಡಿಯುವ ಮೊದಲೇ ಹಿತ್ತಲಿಗೆ ಹೋಗಿ ನೋಡಿದಳು. ಬದನೆಯ ಮಡಿ ಕಂದಾಗಿ ನಿಂತಿತ್ತು. ಹೀರೆಬಳ್ಳಿಯೂ ಅಷ್ಟರಲ್ಲಿ ಒಣಗಿತ್ತು. ಬೀಜದ ಕಾಯಿ ಮಾತ್ರ ಬಳ್ಳಿಯಲ್ಲಿ ತೂಗುತ್ತಿತ್ತು. ಅದನ್ನು ಕಿತ್ತುಕೊಂಡು ಬಂದು ಪಡಸಾಲೆಯಲ್ಲಿ ಕೂತು ಒಡೆದಳು. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಒಂದು ಬೀಜ ಹಿಸುಕಿದಳು, ಚಪ್ಪಟೆಯಾಯಿತು. ಇನ್ನೊಂದನ್ನು ಹಲ್ಲಲ್ಲಿ ಕಚ್ಚಿದಳು, ಒಳಗೆ ಏನೂ ಇಲ್ಲ. ಎಲ್ಲವೂ ಜೊಳ್ಳು.

"ಏನು ಮಾಡಿದ್ರಿ ಇಬ್ಬರೂ ಕೂಡಿ?" ಎಂದಳು ದೊಡ್ಡತ್ತೆ. "ಒಂದಾದರೂ ಉಳಿಸಿಕೊಳ್ಳಬಾರದಾಗಿತ್ತೇನು?"

ಮಾವನವರು ಕಂಬಕ್ಕೆ ಒರಗಿ ಕೂತಿದ್ದರು. ಆ ಜೊಳ್ಳು ಬೀಜಗಳನ್ನು ನೋಡುತ್ತ ಹೇಳಿದರು. "ಆಕಿಗೆ ಹೇಳಕ್ಕ. ನಾನು ಬದ್ನಿ ಕೈ ಬಿಟ್ಟಿದ್ದೆ. ಇಮಾಮಸಾಬ ಹೇಳಿದ ದಿನದಿಂದ ಸಂಜೀ ನೀರು ಅಷ್ಟೂ ಹೀರಿಬಳ್ಳಿಗೇ ಹಾಕೀನಿ. ತಾಯಿ ಇಲ್ಲದ ಹುಡುಗಿ, ಅದೊಂದಾದರೂ ಉಳೀಲಿ ಅಂತ. ಯಾಕ ಜೊಳ್ಳಾತೋ ನನಗ ತಿಳೀವಲ್ದು."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. "ದೊಡ್ಡತ್ತಿ, ಅವರಿಗೆ ಹೇಳ್ರಿ," ಎಂದೆ. "ಮುಂಜಾನಿ ನೀರು ನಾನು ಒಂದು ಹನಿ ಬಳ್ಳಿಗೆ ಹಾಕಿಲ್ಲ. ಎಲ್ಲಾ ಬದ್ನಿಗೇ ಹಾಕೀನಿ. ಕಟ್ಟಿ ಬರೇದಾಗಬಾರದು ಅಂತ."

ನನ್ನ ಮಾತು ಅವರಿಗೆ ನೇರವಾಗಿಯೇ ಕೇಳಿಸಿತ್ತು, ಅವರದು ನನಗೂ. ದೊಡ್ಡತ್ತೆ ಇಬ್ಬರ ನಡುವೆ ಕೂತು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದಳು. ಯಾವ ಮಾತನ್ನೂ ಯಾರಿಗೂ ಮುಟ್ಟಿಸಲಿಲ್ಲ. ಸೇರಿಸುವುದಕ್ಕೆ ಆಕೆಗೂ ಏನೂ ಸಿಗಲಿಲ್ಲ.

ಮರುದಿನ ದೊಡ್ಡತ್ತೆ ಇಮಾಮಸಾಬನನ್ನು ನಿಲ್ಲಿಸಿ ಬೈದಳು. ದಿನಾ ಕಣ್ಣೆದುರು ನೋಡುತ್ತಿದ್ದೆಯಲ್ಲ, ಒಂದು ಮಾತು ಹೇಳಬಾರದಿತ್ತೇ ಎಂದಳು. ಅವನು ತಲೆ ಕೆರೆದುಕೊಂಡ. "ಮುಂಜಾನೆ ಅಮ್ಮ ಅಯ್ಯನ ಗಿಡಕ್ಕ ಹಾಕ್ತಾರ, ಸಾಯಂಕಾಲಂ ಅಯ್ಯ ಅಮ್ಮನ ಬಳ್ಳಿಗೆ ಹಾಕ್ತಾರ. ಅದು ನಿಮ್ಮ ಇಂಟಿ ಪದ್ಧತಿ ಅನುಕೊಂಡೆ ನಾನು." ಅವನದೇನು ತಪ್ಪು? ನಮ್ಮ ಮನೆಯಲ್ಲಿ ಪದ್ಧತಿಗೇನು ಕೊರತೆಯಿತ್ತೇ?

ಆ ನೀರೆಲ್ಲ ಒಂದೇ ಮಡಿಗೆ ಬಿದ್ದಿದ್ದರೆ ಒಂದಾದರೂ ಉಳಿಯುತ್ತಿತ್ತು. ಅವ್ವನ ಬೀಜವಾದರೂ ಇರುತ್ತಿತ್ತು, ಇಲ್ಲವೇ ಮಾವನವರ ಕಟ್ಟೆಯಾದರೂ ತುಂಬಿರುತ್ತಿತ್ತು. ಅರ್ಧ ಅರ್ಧ ನೀರು ಕುಡಿದು ಎರಡೂ ಸತ್ತವು. ನಾವಿಬ್ಬರೂ ಒಂದೇ ಸೂರಿನ ಕೆಳಗೆ, ಒಂದೇ ಒಲೆಯ ರೊಟ್ಟಿ ತಿನ್ನುತ್ತ, ಒಬ್ಬರಿಗಾಗಿ ಒಬ್ಬರು ತಮ್ಮದನ್ನು ಕೊಂದುಕೊಂಡೆವು. ಒಂದು ಮಾತು ಸಾಕಿತ್ತು.

ಆ ವಾರವೇ ಮಳೆ ಬಂತು. ದೊಡ್ಡತ್ತೆ ಪಕ್ಕದ ಮನೆಗೆ ಹೋಗಿದ್ದಳು. ಮಾವನವರು ಹಿತ್ತಲ ಬಾಗಿಲಲ್ಲಿ ನಿಂತು ನೆನೆಯುವ ಮಡಿಗಳನ್ನು ನೋಡುತ್ತಿದ್ದರು. ನಾನು ಅಡಿಗೆಮನೆಯಿಂದ ಬಂದವಳು ಅವರ ಹಿಂದೆ ಸ್ವಲ್ಪ ದೂರದಲ್ಲಿ ನಿಂತುಬಿಟ್ಟೆ. ಅವರಿಗೆ ಗೊತ್ತಾಯಿತು. ತಿರುಗಲಿಲ್ಲ. ಗಂಟಲು ಸರಿಮಾಡಿಕೊಂಡರು. ನಾನೂ ಸೆರಗು ಸರಿಮಾಡಿಕೊಂಡೆ. ಈಗ ಏನೋ ಹೇಳುತ್ತಾರೆ ಅನಿಸಿತು. ಅವರಿಗೂ ನಾನೇ ಏನೋ ಹೇಳುತ್ತೇನೆ ಅನಿಸಿರಬೇಕು. ಮಳೆ ನಿಂತಿತು. ಅವರು ರುಮಾಲು ಕೊಡವಿಕೊಂಡು ಹೊರಗೆ ಹೋದರು. ಸಂಜೆ ದೊಡ್ಡತ್ತೆಯ ಮೂಲಕ ಮಾತು ಬಂತು. "ಮುಂದಿನ ಬ್ಯಾಸಿಗಿಗೆ ಒಂದೇ ಮಡಿ ಮಾಡೂಣಂತ ಹೇಳ್ಯಾನ." ಮುಂದಿನ ಬೇಸಿಗೆಯ ಹೊತ್ತಿಗೆ ಜಿನ್ನು ಮತ್ತೆ ಶುರುವಾಗಿ, ಮಾಲೀಕರು ಕಂಪೌಂಡನ್ನು ವಾಪಸು ತೆಗೆದುಕೊಂಡರು. ನಮ್ಮ ಎರಡು ಮಡಿಯ ಮೇಲೆ ಹತ್ತಿ ತುಂಬಿದ ಚೀಲಗಳು ಕೂತವು.

ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ಮಾವನವರು ಹೋದರು. ನಮ್ಮ ಕಡೆ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಪಡಸಾಲೆಯಲ್ಲಿ ಕೂಡಿಸುತ್ತಾರೆ. ಹೆಣ್ಣುಮಕ್ಕಳು ಎದುರಿಗೆ ಕೂತು, ಸತ್ತವರ ಜೊತೆ ಮಾತಾಡುತ್ತ ಅಳುತ್ತಾರೆ. ಕೊಟ್ಟದ್ದು, ಬಿಟ್ಟದ್ದು, ಉಂಡದ್ದು, ಬೈದದ್ದು ಎಲ್ಲವನ್ನೂ ಅವರ ಮುಖ ನೋಡಿ ಹೇಳಿ ಅಳುವುದು ರೂಢಿ. ಆ ಒಂದು ದಿನ ಸೊಸೆಗೂ ಅಡ್ಡಿಯಿಲ್ಲ. ಹಣ್ಣು ಹಣ್ಣಾಗಿದ್ದ ದೊಡ್ಡತ್ತೆ ನನ್ನ ತೋಳು ಹಿಡಿದು ಮುಂದೆ ತಂದು ಕೂಡಿಸಿದಳು.

"ಮಾತಾಡಿ ಅಳವಾ. ಇವತ್ತು ಯಾರೂ ಏನೂ ಅನ್ನಂಗಿಲ್ಲ."

ನಾನು ತಲೆ ಎತ್ತಿದೆ. ಅವರ ಮುಖವನ್ನು ಎದುರಿನಿಂದ ಪೂರ್ತಿಯಾಗಿ ನೋಡಿದ್ದು ಅವತ್ತೇ ಮೊದಲು. ಎಡ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತಿತ್ತು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಅದು ಗೊತ್ತಿರಲಿಲ್ಲ. ಹೇಳುವುದು ಎಷ್ಟೋ ಇತ್ತು. ಬಾಯಿಗೆ ಬಂದದ್ದು ಇಷ್ಟೇ.

"ಮಾವಾರ, ಬದ್ನಿಕಾಯಿ ಭಾಳ ಚಲೋ ಇದ್ದುವು ರೀ."

ಅಳುತ್ತಿದ್ದ ಹೆಂಗಸರು ಒಂದು ಗಳಿಗೆ ಅಳು ನಿಲ್ಲಿಸಿ ನನ್ನನ್ನು ನೋಡಿದರು. ಹುಡುಗಿಗೆ ತಲೆ ಕೆಟ್ಟಿತು ಅಂದುಕೊಂಡಿರಬೇಕು. ದೊಡ್ಡತ್ತೆ ಮಾತ್ರ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಷ್ಟು ಹೇಳುವುದಕ್ಕೆ ಅವರು ಸಾಯಬೇಕಾಯಿತಲ್ಲ ಎಂದು ನಾನು ಅತ್ತ ಅಳು ಆ ಮನೆಯಲ್ಲಿ ಮತ್ಯಾರೂ ಅತ್ತಿರಲಿಕ್ಕಿಲ್ಲ.

ಇದೆಲ್ಲ ಯೋಚಿಸುತ್ತ ಎಷ್ಟು ಹೊತ್ತು ಕೂತಿದ್ದೆನೋ, ನನ್ನ ಸೊಸೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ತೊಡೆಯ ಮೇಲಿನ ಮೊರ ಎತ್ತಿಕೊಂಡಳು. ಅವಳು ಈ ಮನೆಗೆ ಬಂದು ಎಷ್ಟೋ ವರ್ಷವಾಯಿತು, ಅವಳ ಕೂದಲೂ ಬೆಳ್ಳಗಾಗುತ್ತಿದೆ. ನಮ್ಮಿಬ್ಬರ ನಡುವೆ ಯಾವ ಪದ್ಧತಿಯ ಅಡ್ಡಿಯೂ ಇಲ್ಲ. ದಿನವಿಡೀ ಮಾತಾಡುತ್ತೇವೆ, ಬಹಳ ಮಟ್ಟಿಗೆ ಜಗಳವನ್ನೇ ಆಡುತ್ತೇವೆ. ಆದರೂ ಅವಳಿಗೆ ನಾನು ಒಂದು ಮಾತು ಇನ್ನೂ ಹೇಳಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಅವಳ ಮುಂಗೈ ಹಿಡಿದು ಕೂಡಿಸಿಕೊಂಡೆ.

"ನೀನು ನನ್ನ ಭಾಳ ಚಲೋ ನೋಡಿಕೊಂಡಿ ಅವ್ವಾ," ಎಂದೆ.

ಅವಳು ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು. "ಯಾಕ ಅತ್ತಿ, ಮೈಯಾಗ ಹುಷಾರಿಲ್ಲೇನು? ಡಾಕ್ಟರ್ನ ಕರಸಲೇನು?"